ಅತ್ತಿಗೆಯ ಗೋಡೆ

ಮೊನ್ನೆ ಕೌಲ್‌ಬಜಾರಿನ ಕಡೆ ಹೋಗಿದ್ದೆ. ಕಂಬಳಿ ನೇಯುವವರ ಓಣಿಯಲ್ಲಿ ಯಾರೋ ಮನೆಯ ಮುಂದೆ ಕಲ್ಲು ಹೂಡಿ ಹುಣಸೆ ಬೀಜದ ಅಂಟು ಕುದಿಸುತ್ತಿದ್ದರು. ಕಂಬಳಿಯ ನೂಲಿಗೆ ಗಂಜಿಯ ಹಾಗೆ ಹಚ್ಚುವುದಕ್ಕೆ. ಆ ವಾಸನೆ ಬಲ್ಲವರೇ ಬಲ್ಲರು. ಹುರಿದದ್ದರ ವಾಸನೆಯೂ ಅಲ್ಲ, ಹುಳಿಯದ್ದೂ ಅಲ್ಲ, ಅವೆರಡರ ನಡುವೆ ಎಲ್ಲೋ ಸಿಕ್ಕಿಕೊಂಡು ಹಳಸಿದಂಥದ್ದು. ಮೂಗಿಗೆ ಬಿದ್ದದ್ದೇ ತಡ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಜೊತೆಗಿದ್ದ ಅಳಿಯ, "ಯಾಕ್ರೀ ಮಾವಾರ, ಕಾಲಿಗೆ ಏನರ ಚುಚ್ಚಿತೇನು?" ಎಂದು ಕೇಳಿದ. ಏನಂತ ಹೇಳಲಿ ಅವನಿಗೆ? ಅವನು ಹುಟ್ಟುವುದಕ್ಕೂ ಮುಂಚಿನ ಸಿಟ್ಟು ಅದು...

ಅಂಥದೇ ಒಂದು ಮಡಕೆ ನಮ್ಮ ಮನೆಯ ಹಿತ್ತಲಲ್ಲಿ ಇಡೀ ಒಂದು ಬೇಸಿಗೆ ಕುದಿಯಿತು. ಕುದಿಸಿದವನು ಕುರುಗೋಡಿನ ಚಿತ್ರಗಾರ. ಕುದಿಸುವ ಹಾಗೆ ಮಾಡಿದವಳು ನಮ್ಮ ಅತ್ತಿಗೆ, ನನ್ನ ಅಣ್ಣನ ಹೆಂಡತಿ. ಇಬ್ಬರ ನಡುವೆ ಸಿಕ್ಕಿ ಬೆಂದವನು ನಾನು.

ನಾವು ಮೂಲತಃ ಸಿರುಗುಪ್ಪದವರು. ಹತ್ತಿ ವ್ಯಾಪಾರಕ್ಕೆಂದು ಅಪ್ಪ ಬಳ್ಳಾರಿಗೆ ಬಂದು ಬ್ರೂಸ್‌ಪೇಟೆಯಲ್ಲಿ ಮನೆ ಕಟ್ಟಿಸಿದ. ಅವ್ವ ಸತ್ತಾಗ ನಾನು ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದವನು. ಕುರುಗೋಡಿನಿಂದ ಸೊಸೆಯಾಗಿ ಬಂದ ಅತ್ತಿಗೆಯ ಕೈಯಲ್ಲೇ ಉಂಡು, ಬೈಸಿಕೊಂಡು ಬೆಳೆದೆ. ಅದಕ್ಕೇ ಆಕೆಯನ್ನು ಅವ್ವನಿಗೆ ಅನ್ನುವ ಹಾಗೆ 'ನೀನು' ಎಂದೇ ಅನ್ನುತ್ತಿದ್ದೆ. ಆಕೆ ನನ್ನನ್ನು 'ತಮ್ಮಾ' ಎನ್ನುತ್ತಿದ್ದಳು. ಆ 'ತಮ್ಮಾ' ಸ್ವಲ್ಪ ಎಳೆದು ಬಂತೆಂದರೆ ನನಗೆ ಏನೋ ಕೆಲಸ ಕಾದಿದೆ ಎಂದೇ ಅರ್ಥ.

ಅಣ್ಣ ಅತ್ತಿಗೆಗೆ ಒಬ್ಬಳೇ ಮಗಳು. ಐದನೆಯ ವರ್ಷಕ್ಕೆ ಬಿದ್ದಿದ್ದಳು. ಮನೆಯಲ್ಲಿ ಒಂದು ಗಳಿಗೆ ನಿಂತ ಕೂಸಲ್ಲ ಅದು. ಬೆಳಗಾದರೆ ಪಡಸಾಲೆ, ಅಲ್ಲಿಂದ ಬೀದಿ, ಬೀದಿಯಿಂದ ಯಾರದೋ ಹಿತ್ತಲು. ಒಂದು ಮಳೆಗಾಲದ ಮೊದಲಿಗೆ ಜ್ವರ ಬಂತು, ವಾರ ತುಂಬುವ ಮೊದಲೇ ಎಲ್ಲಾ ಮುಗಿಯಿತು. ದಂಡಿನ ಕಡೆ ದೊರೆಗಳ ಫೋಟೋ ತೆಗೆಯುವವನೊಬ್ಬ ಆಗಲೇ ಅಂಗಡಿ ಇಟ್ಟಿದ್ದ. ಒಮ್ಮೆ ತೆಗೆಸೋಣವೆಂದು ನಾನು ಅಂದಿದ್ದೆ. ಫೋಟೋ ತೆಗೆಸಿದರೆ ಮಕ್ಕಳ ಆಯುಷ್ಯ ಕಡಿಮೆಯಾಗುತ್ತದೆ ಎಂದು ಮನೆಯಲ್ಲಿ ಬೇಡವೆಂದರು. ತೆಗೆಸದಿದ್ದರೂ ಕಡಿಮೆಯೇ ಆಯಿತು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ನನಗೂ ಅಣ್ಣನಿಗೂ ರೊಟ್ಟಿ ಬಡಿಸುತ್ತಿದ್ದ ಅತ್ತಿಗೆ, ಕೈಯಲ್ಲಿ ಪಲ್ಯದ ಸೌಟು ಹಿಡಿದುಕೊಂಡೇ ಅಂದಳು: "ತಮ್ಮಾ, ಕೂಸಿನ ಮಾರಿ ನನಗ ಮರತು ಹೋಗಾಕತ್ತೈತಿ."

ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ಆಕೆ ಅಳಲೂ ಇಲ್ಲ. ಉಪ್ಪು ಕಡಿಮೆ ಆಗಿದೆಯೇನೋ ಎಂದು ಕೇಳುವ ದನಿಯಲ್ಲೇ ಮುಂದುವರಿಸಿದಳು. ಮೊದಲು ಕಣ್ಣು ಮುಚ್ಚಿದರೆ ಕಾಣುತ್ತಿತ್ತಂತೆ. ಈಗ ಮೂಗು ನೆನಪಿಗೆ ಬಂದರೆ ಬಾಯಿ ಬರುವುದಿಲ್ಲವಂತೆ, ಬಾಯಿ ಬಂದರೆ ಅದು ಪಕ್ಕದ ಮನೆಯ ಹುಡುಗಿಯ ಬಾಯಿಯಂತೆ. ಇನ್ನೊಂದು ವರ್ಷ ಹೋದರೆ ಪೂರಾ ಅಳಿಸಿ ಹೋಗುತ್ತದೆ, ಅಷ್ಟರೊಳಗೆ ನಡುಮನೆಯ ಗೋಡೆಯ ಮೇಲೆ ಬರೆಸಬೇಕು ಎಂದಳು.

ಅಣ್ಣ ಹೌಹಾರಿದ. ಸತ್ತ ಕೂಸಿನ ಚಿತ್ರ ಮನೆಯೊಳಗೆ ಯಾರಾದರೂ ಬರೆಸುತ್ತಾರೆಯೇ? ಬಂದ ಬೀಗರು ಏನಂದಾರು? ಆ ಕಾಲಕ್ಕೆ ನಮ್ಮಂಥ ವ್ಯಾಪಾರದ ಮನೆಗಳಲ್ಲಿ ನಡುಮನೆಯ ಗೋಡೆಗೆ ದೇವರ ಚಿತ್ರ ಬರೆಸುವುದು ಹೊಸದೇನಲ್ಲ. ಒಬ್ಬರು ಬರೆಸಿದರೆ ಎದುರು ಮನೆಯವರಿಗೂ ಬರೆಸದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಎಂಟು ದಿನ ಮಾತು ಬಿಟ್ಟು ಕೂತ ಅತ್ತಿಗೆಯ ಮುಂದೆ ಅಣ್ಣ ಕೊನೆಗೆ ಸೋತ. ಗೋಡೆಯ ತುಂಬ ಶಿವ ಪಾರ್ವತಿಯರ ಮದುವೆ ಬರೆಸುವುದು, ಆ ದಿಬ್ಬಣದ ಗದ್ದಲದಲ್ಲಿ ಒಂದು ಮೂಲೆಗೆ ಒಂದು ಹೆಣ್ಣುಕೂಸು ಇರಲಿ, ಯಾರೂ ಕೇಳಬಾರದು, ಯಾರೂ ಹೇಳಬಾರದು. ಹೀಗೆ ಒಪ್ಪಂದವಾಯಿತು. ಎಲ್ಲಾ ಸಲೀಸಾಗಿ ಮುಗಿಯುತ್ತದೆ ಎಂದು ನಾವು ಗಂಡಸರು ತಿಳಿದುಕೊಂಡೆವು.

ನಾನು ಆಗ ಪೇಟೆಯ ಸಾಲೆಯಲ್ಲಿ ಮಾಸ್ತರ. ಬೇಸಿಗೆ ರಜೆಯಲ್ಲಿ ಒದ್ದೆ ಪಂಚೆ ಹೊದ್ದು ಪಡಸಾಲೆಯಲ್ಲಿ ಬಿದ್ದುಕೊಂಡಿರಬೇಕೆಂದು ಆಸೆ ಇಟ್ಟುಕೊಂಡಿದ್ದವನು. ಅಂಥವನನ್ನು ಬಂಡಿ ಹತ್ತಿಸಿ ಕುರುಗೋಡಿಗೆ ಕಳಿಸಿದರು, ಚಿತ್ರಗಾರನನ್ನು ಕರೆತಾ ಎಂದು. ಕರೆತಂದೆ. ನೆಟ್ಟನೆಯ ಮೂಗಿನ, ವೀಳ್ಯ ಜಗಿಯುತ್ತಲೇ ಮಾತಾಡುವ ಆಸಾಮಿ. ತನ್ನ ಕೈಯ ಗುಣವನ್ನು ಅವನು ಹೊಗಳಿಕೊಂಡಷ್ಟು ಬೇರೆ ಯಾರೂ ಹೊಗಳಿದ್ದನ್ನು ನಾನು ಕೇಳಲಿಲ್ಲ.

ಆದರೆ ಕೆಲಸ ಬಲ್ಲವನು, ಇಲ್ಲವೆನ್ನಲಾರೆ. ಗಾರೆ ತೀಡಿಸಿ, ಸುಣ್ಣ ಕೊಟ್ಟು, ನುಣ್ಣನೆಯ ಕಲ್ಲಿನಿಂದ ಉಜ್ಜಿ ಉಜ್ಜಿ ಗೋಡೆಯನ್ನು ಮಿಂಚಿಸಿದ. ಜಾಜಿನ ಕೆಂಪು, ನೀಲಿ, ದೀಪದ ಕಾಡಿಗೆ ಎಲ್ಲಾ ಅರೆದು ಹುಣಸೆ ಬೀಜದ ಅಂಟಿನಲ್ಲಿ ಕಲಸಿ ತೆಂಗಿನ ಪರಟೆಗಳಲ್ಲಿ ಸಾಲಾಗಿ ಇಟ್ಟ. ಹತ್ತು ಹನ್ನೆರಡು ದಿನದಲ್ಲಿ ಶಿವನೂ ಬಂದ, ಪಾರ್ವತಿಯೂ ಬಂದಳು, ನಂದಿಯೂ ಬಂದ. ಅಷ್ಟರವರೆಗೆ ಎಲ್ಲಾ ಚಂದ.

ಅಡುಗೆಮನೆಯ ಬಾಗಿಲ ಚೌಕಟ್ಟಿನ ಹಿಂದೆ ಅತ್ತಿಗೆ ನಿಂತಿರುತ್ತಿದ್ದಳು. ಹೊರಗಿನ ಗಂಡಸಿನ ಮುಂದೆ ಬರುವ ಹಾಗಿಲ್ಲ, ಅವನ ಜೊತೆ ನೇರ ಮಾತಾಡುವ ಹಾಗಿಲ್ಲ. ಮೂರು ಮಾರು ದೂರದಲ್ಲಿ ಅವನು, ಇಲ್ಲಿ ಆಕೆ. ಆಕೆ ಹೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೂ ನಾನು ಅದನ್ನು ಮತ್ತೊಮ್ಮೆ ಹೇಳಬೇಕು. ಅವನ ಉತ್ತರ ಆಕೆಗೆ ಕೇಳಿಸಿದೆ, ಅದನ್ನೂ ನಾನು ತಿರುಗಿ ಒಪ್ಪಿಸಬೇಕು. ಹೀಗೆ ದಿನವಿಡೀ.

"ತಮ್ಮಾ, ಹಿಂದ ಕುರುಗೋಡು ಗುಡ್ಡ ಬರಲಿ ಅನ್ನು. ಮುಂದ ಸಿರುಗುಪ್ಪದ ಹೊಳಿ. ದಿಬ್ಬಣದವರು ಹರಿಗೋಲಿನ್ಯಾಗ ಬರಲಿ."

"ಕೈಲಾಸದಾಗ ಕುರುಗೋಡು ಗುಡ್ಡ ಹ್ಯಾಂಗ ಬರ್ತೈತ್ರೀ ಮಾಸ್ತರ?" ಎಂದು ಚಿತ್ರಗಾರ ನನ್ನನ್ನೇ ದುರುಗುಟ್ಟಿ ನೋಡಿದ.

"ಶಿವ ಎಲ್ಲಾ ಕಡಿ ಅದಾನಂತ. ನಮ್ಮೂರಾಗ ಇರಾಕ ಅವಗೇನು ಧಾಡಿ ಅಂತ ಕೇಳು."

ಕೇಳಿದೆ. ಗುಡ್ಡ ಬಂತು. ಹೊಳೆ ಬಂತು. ಹರಿಗೋಲಿನಲ್ಲಿ ದೇವಾನುದೇವತೆಗಳು ಮುದುಡಿಕೊಂಡು ಕೂತು ಬಂದರು. ನೋಡಲು ಬಂದ ಓಣಿಯವರೆಲ್ಲ ಬೆರಗಾದರು, ಇಂಥ ಗೋಡೆ ಪೇಟೆಯಲ್ಲೇ ಇಲ್ಲವೆಂದರು. ಅತ್ತಿಗೆಗೆ ಅದು ಯಾವುದೂ ಬೇಕಿರಲಿಲ್ಲ. ಹೊಳೆಯ ದಂಡೆಯಲ್ಲಿ ಬಲಗಡೆ ಒಂದು ಗೇಣು ಜಾಗ ಖಾಲಿ ಬಿಡಿಸಿದ್ದಳು. ಆಕೆಯ ಕಣ್ಣು ಅಲ್ಲೇ ಇರುತ್ತಿತ್ತು.

ಆ ಗೇಣು ಜಾಗದಲ್ಲಿ ಚಿತ್ರಗಾರ ಮೊದಲ ಸಲ ಕೂಸನ್ನು ಬರೆದ. ಚಂದದ ಕೂಸು. ದೊಡ್ಡ ಕಣ್ಣು, ಚೂಪು ಗದ್ದ, ಮುಗುಳುನಗೆ. ಚೌಕಟ್ಟಿನ ಹಿಂದಿನಿಂದ ಒಂದೇ ಮಾತು ಬಂತು.

"ಅಲ್ಲ."

ಒರೆಸಿದ. ಮತ್ತೆ ಬರೆದ. "ಅಲ್ಲ." ಮತ್ತೆ. "ಅಲ್ಲ." ಏನು ಅಲ್ಲ, ಯಾವುದು ಅಲ್ಲ ಎಂದರೆ ಹೇಳಲು ಆಕೆಗೆ ಆಗುತ್ತಿರಲಿಲ್ಲ. ಮೂಗು ಹಂಗಿರಲಿಲ್ಲ ಎನ್ನುವಳು. ಹೇಗಿತ್ತು ಎಂದರೆ ಬೆರಳನ್ನು ಗಾಳಿಯಲ್ಲಿ ಆಡಿಸಿ ಕೈ ಬಿಡುವಳು. ನಾನು ಹತ್ತಿರ ಹೋಗಿ ನೋಡಿದೆ. ಆಮೇಲೆ ಗೊತ್ತಾಯಿತು. ಅವನು ಬರೆದ ಕೂಸಿಗೂ ಪಾರ್ವತಿಗೂ ಒಂದೇ ಮುಖ, ಪಾರ್ವತಿಗೂ ನಾರದನಿಗೂ ಒಂದೇ ಮುಖ. ನಾರದನನ್ನು ಕೈಯಲ್ಲಿದ್ದ ತಂಬೂರಿಯ ಮೇಲಿಂದ ಗುರುತು ಹಿಡಿಯಬೇಕು, ಅಷ್ಟೇ.

"ನಮ್ಮ ಮನಿತನದಾಗ ಮಂದಿ ಮಾರಿ ನೋಡಿ ಬರಿಯಂಗಿಲ್ರೀ ಮಾಸ್ತರ," ಎಂದ ಎದೆ ಉಬ್ಬಿಸಿ. "ನಮ್ಮಪ್ಪ ಕಲಿಸಿದ ಅಳತಿ ಐತಿ. ಹಣಿಗೆ ಇಷ್ಟು, ಮೂಗಿಗೆ ಇಷ್ಟು. ಮಂದಿ ಮಾರಿ ಇವತ್ತು ಒಂಥರ, ನಾಳಿ ಒಂಥರ. ಅದನ್ನ ನಂಬಿ ಕುಂಚ ಹಿಡಿಯಾಕ ಆಗ್ತೈತೇನ್ರಿ?"

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೆ ಅತ್ತಿಗೆಗೆ ಅದನ್ನು ಹೇಳುವವರು ಯಾರು?

ಆಮೇಲೆ ಆಕೆ ಇನ್ನೊಂದು ಹೊಸ ದಾರಿ ಹಿಡಿದಳು. ಕೂಸಿನ ಗದ್ದ ನಮ್ಮ ದೊಡ್ಡವ್ವನದು. ದೊಡ್ಡವ್ವ ಎಂದರೆ ನಮ್ಮ ಅವ್ವನ ಅಕ್ಕ, ಸಿರುಗುಪ್ಪದಲ್ಲಿ ಇರುವವಳು. ಚಿತ್ರಗಾರನನ್ನು ಕರೆದುಕೊಂಡು ಹೋಗಿ ಅವನಿಗೆ ಆ ಗದ್ದ ತೋರಿಸಿಕೊಂಡು ಬಾ ಎಂದಳು. ನಾನು ತಮಾಷೆ ಎಂದುಕೊಂಡು ನಕ್ಕೆ. ಆಕೆ ಆಗಲೇ ಬುತ್ತಿ ಕಟ್ಟುತ್ತಿದ್ದಳು.

ಒಂದು ಗದ್ದ ನೋಡುವುದಕ್ಕೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಂಡಿ ಕಟ್ಟಿಕೊಂಡು ಹೋದವರು ಈ ಭೂಮಿಯ ಮೇಲೆ ನಾವಿಬ್ಬರೇ ಇರಬೇಕು. ನೆತ್ತಿ ಸುಡುವ ಬಿಸಿಲು, ಕರಿನೆಲದ ಧೂಳು. ಸಿರಿಗೇರಿಯ ಹತ್ತಿರ ಬಂಡಿಯ ಕೀಲು ಕಳಚಿತು. ಬೇವಿನ ಮರದ ಕೆಳಗೆ ಕೂತು ಚಿತ್ರಗಾರ ತಾನು ಯಾವ ಯಾವ ಗುಡಿಗೆ ಏನೇನು ಬರೆದೆ ಎಂದು ಇಡೀ ಮಧ್ಯಾಹ್ನ ಹೇಳಿದ. ಕೀಲು ಸಿಕ್ಕಿತು, ಅವನ ಮಾತು ಮುಗಿಯಲಿಲ್ಲ.

ದೊಡ್ಡವ್ವ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಚಿತ್ರಗಾರ ಹೋದವನೇ ಆಕೆಯ ಎದುರಿಗೆ ಕುಕ್ಕುರುಗಾಲಲ್ಲಿ ಕೂತು, ತಲೆ ಓರೆ ಮಾಡಿ, ಮುಖವನ್ನೇ ನೋಡತೊಡಗಿದ.

"ಯಾರಲೇ ಇವ?" ದೊಡ್ಡವ್ವ ಮೊರ ಎತ್ತಿ ಹಿಡಿದಳು. "ನನ್ನ ಮಾರಿ ನೋಡಾಕತ್ತಾನಲ್ಲ, ಈ ವಯಸ್ಸಿನ್ಯಾಗ ನನಗೇನು ಗಂಡು ಹುಡುಕಿಕೊಂಡು ಬಂದೀಯೇನು?"

ಚಿತ್ರಗಾರ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ, ಬಂದ ಕೆಲಸ ಹೇಳಿದೆ. ದೊಡ್ಡವ್ವನ ಕೈಯಲ್ಲಿದ್ದ ಮೊರ ಮೆಲ್ಲಗೆ ಕೆಳಗಿಳಿಯಿತು. ಎದ್ದು ಅಂಗಳದ ಬೆಳಕಿಗೆ ಬಂದು ಕೂತಳು. ತಲೆಯ ಮೇಲಿನ ಸೆರಗನ್ನು ಹಿಂದೆ ಸರಿಸಿ ಗದ್ದ ಎತ್ತಿ ಹಿಡಿದಳು. ಕತ್ತು ನೋಯುತ್ತಿತ್ತೇನೋ, ನಡುಗುತ್ತಿತ್ತು. ಸಾಕು ಬಿಡವ್ವ ಎಂದು ಚಿತ್ರಗಾರನೇ ಹೇಳುವವರೆಗೆ ಇಳಿಸಲಿಲ್ಲ.

ತಿರುಗಿ ಬಂದು ಬರೆದ. ಐದು ವರ್ಷದ ಕೂಸಿಗೆ ಎಪ್ಪತ್ತು ವರ್ಷದ ಮುದುಕಿಯ ಗದ್ದ. ನೋಡಲು ಆಗುತ್ತಿರಲಿಲ್ಲ.

"ಅಲ್ಲ."

ಇನ್ನು ಕಣ್ಣು. ಕಣ್ಣು ಕುರುಗೋಡಿನ ಕಡೆಯವು, ತನ್ನ ತಮ್ಮನವು ಎಂದಳು. ಅಷ್ಟರಲ್ಲಿ ಚಿತ್ರಗಾರ ಪರಟೆಗಳನ್ನು ಹಾಗೇ ಬಿಟ್ಟು, ಬೆಳಗಿನ ಜಾವ ಹೇಳದೆ ಕೇಳದೆ ಊರಿಗೆ ಪರಾರಿಯಾಗಿದ್ದ. ಮತ್ತೆ ನಾನೇ ಹೋಗಬೇಕು. ಹೋದೆ. ಕುರುಗೋಡಿನ ಗುಡ್ಡದ ಬುಡದಲ್ಲಿ, ದೊಡ್ಡ ಬಸವಣ್ಣನ ಗುಡಿಯ ನೆರಳಲ್ಲಿ ಚೌಕಾಬಾರ ಆಡುತ್ತಿದ್ದ. ನನ್ನನ್ನು ಕಂಡು ಎದ್ದು ಕೈ ಮುಗಿದ.

"ಮಾಸ್ತರ, ನನ್ನ ಬಿಡ್ರಿ. ಪಾರ್ವತೀನ ಕೇಳ್ರಿ, ಕಣ್ಣು ಮುಚ್ಚಿ ಬರದುಕೊಡ್ತೀನಿ. ನಿಮ್ಮ ಕೂಸಿನ್ನ ಬರಿಯಾಕ ಬ್ರಹ್ಮನ ಬರಬೇಕು. ನಾನು ಆ ತಾಯಿಗೆ ದಿನಾ ಅಷ್ಟಷ್ಟು ನೋವು ಕೊಡಾಕತ್ತೀನಿ, ಅಷ್ಟ."

ಆ ಕೊನೆಯ ಮಾತಿಗೆ ನಾನು ಸ್ವಲ್ಪ ಮೆತ್ತಗಾದೆ. ಆದರೂ ಬಿಡುವ ಹಾಗಿರಲಿಲ್ಲ, ಬರಿಗೈಯಲ್ಲಿ ಹೋದರೆ ಮನೆಯಲ್ಲಿ ನನ್ನ ಗತಿ? ಬೈದೆ, ಬೇಡಿಕೊಂಡೆ, ಎಲೆ ಅಡಿಕೆ ಕೊಡಿಸಿದೆ. ಅತ್ತಿಗೆಯ ತಮ್ಮನನ್ನೂ ಹಿಡಿದು ಒಂದು ಗಳಿಗೆ ಅವನ ಮುಂದೆ ಕೂಡಿಸಿದೆ. ಆ ಪುಣ್ಯಾತ್ಮ ಕಣ್ಣು ತೋರಿಸು ಎಂದರೆ ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ಕೂತ. ಅಂತೂ ಚಿತ್ರಗಾರನನ್ನು ಬಂಡಿ ಹತ್ತಿಸಿಕೊಂಡು ತಿರುಗಿ ಬಂದೆ.

ಆಷಾಢ ಬಂತು. ಸಾಲೆ ಶುರುವಾಯಿತು. ಹಿತ್ತಲಲ್ಲಿ ಆ ಮಡಕೆ ಇನ್ನೂ ಕುದಿಯುತ್ತಲೇ ಇತ್ತು. ಅನ್ನಕ್ಕೆ ಅದೇ ವಾಸನೆ, ಹಾಸಿಗೆಗೆ ಅದೇ ವಾಸನೆ, ನನ್ನ ಅಂಗಿಗೂ ಅದೇ. ಸಾಲೆಯ ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಅಣ್ಣ ಅಂಗಡಿಯಿಂದ ಮನೆಗೆ ಬರುವುದನ್ನೇ ತಡ ಮಾಡತೊಡಗಿದ. ಅತ್ತಿಗೆ ಊಟ ಬಿಟ್ಟಿದ್ದಳು ಎನ್ನುವ ಹಾಗಿಲ್ಲ, ಉಣ್ಣುತ್ತಿದ್ದಳು, ಆದರೆ ಏನು ಉಂಡೆ ಎಂದರೆ ಹೇಳುತ್ತಿರಲಿಲ್ಲ. ಚೌಕಟ್ಟಿನ ಹಿಂದೆ ಆಕೆ ನಿಲ್ಲುವ ಜಾಗದಲ್ಲಿ ಸಗಣಿ ಸಾರಿಸಿದ ನೆಲ ಸವೆದು ಮಣ್ಣು ಕಾಣುತ್ತಿತ್ತು.

ಒಂದು ದಿನ ಸಾಲೆ ಬಿಟ್ಟು ಬಂದೆ. ತಲೆ ಸಿಡಿಯುತ್ತಿತ್ತು. ಒಂದು ತಂಬಿಗೆ ನೀರು ಕುಡಿಯುವ ಮೊದಲೇ ಚಿತ್ರಗಾರ ಗೋಡೆ ತೋರಿಸಿದ. ಒರೆಸಿ ಒರೆಸಿ ಆ ಗೇಣು ಜಾಗದಲ್ಲಿ ಗಾರೆ ತೆಳ್ಳಗಾಗಿ ತಗ್ಗು ಬಿದ್ದಿತ್ತು. ಇನ್ನೊಂದು ಸಲ ಒರೆಸಿದರೆ ಇಟ್ಟಿಗೆ ಕಾಣುತ್ತದೆ, ಇದೇ ಕಡೆಯದು, ಒಪ್ಪಿಗೆಯೋ ಇಲ್ಲವೋ ಕೇಳ್ರಿ ಎಂದ. ನಾನು ಚೌಕಟ್ಟಿನ ಕಡೆ ತಿರುಗಿದೆ. ಆಕೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಲ್ಲ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಟೋಪಿ ತೆಗೆದು ನೆಲಕ್ಕೆ ಬಡಿದೆ.

"ಹಂಗಾರ ಮಾರೀನ ಬ್ಯಾಡ ಬಿಡು! ಏ ಚಿತ್ರಗಾರಪ್ಪಾ, ಆ ಕೂಸಿನ್ನ ಆ ಕಡಿ ಮಾರಿ ಮಾಡಿ ನಿಲ್ಲಿಸು! ನಮಗ ಬೆನ್ನು ತೋರಿಸ್ಲಿ! ಒಟ್ಟು ಈ ಪೀಡಾ ತೊಲಗಲಿ!"

ಹಿತ್ತಲ ಮಡಕೆ ಕೊತಕೊತ ಅನ್ನುವುದು ಕೇಳಿಸುತ್ತಿತ್ತು. ಚಿತ್ರಗಾರ ಬಾಯಲ್ಲಿದ್ದ ಎಲೆ ಜಗಿಯುವುದನ್ನು ನಿಲ್ಲಿಸಿದ. ಈಗ ಅತ್ತಿಗೆ ಅಳುತ್ತಾಳೆ, ಅಣ್ಣ ಬಂದು ನನ್ನನ್ನು ಮನೆಯಿಂದ ಆಚೆ ಹಾಕುತ್ತಾನೆ ಎಂದುಕೊಂಡೆ.

ಅತ್ತಿಗೆ ಚೌಕಟ್ಟು ದಾಟಿ ಹೊರಗೆ ಬಂದಳು. ಇಷ್ಟು ದಿನದಲ್ಲಿ ಅದೇ ಮೊದಲು. ಸೀದಾ ಗೋಡೆಯ ಹತ್ತಿರ ಹೋಗಿ ನಿಂತಳು.

"ಖರೆ ಅಂದಿ ತಮ್ಮಾ," ಎಂದಳು. "ಆಕಿ ಯಾವತ್ತು ನನ್ನ ಕಡಿ ಮಾರಿ ಮಾಡಿ ನಿಂತಿದ್ಲು? ಕರದ್ರ ಓಡೇ ಹೋಗ್ತಿದ್ಲು. ತಿರುಗಿ ನೋಡ್ತಿದ್ದಿಲ್ಲ ಮುಂಡೇದು. ದಿನಾ ನಾನು ಆಕಿ ಬೆನ್ನ ನೋಡೀನಿ."

ಆಮೇಲೆ ಚಿತ್ರಗಾರನ ಜೊತೆ ತಾನೇ ಮಾತಾಡಿದಳು. ನಾನು ಒಬ್ಬ ಅಲ್ಲಿ ಇದ್ದೇನೆ ಎಂಬುದನ್ನೇ ಇಬ್ಬರೂ ಮರೆತರು. ಎಡಗಡೆಯ ಜಡೆ ಎರಡು ಎಳೆ ಬಿಚ್ಚಿರಬೇಕು, ಎಷ್ಟು ಬಿಗಿದರೂ ಅದು ಬಿಚ್ಚುತ್ತಿತ್ತು. ಪರಕಾರದ ಲಾಡಿ ನಿಲ್ಲುತ್ತಿರಲಿಲ್ಲ, ಎಡಗೈಯಿಂದ ಹಿಡಿದುಕೊಂಡು ಓಡುತ್ತಿದ್ದಳು, ಹಾಗಾಗಿ ಒಂದು ಕಡೆ ಮೇಲೆ, ಒಂದು ಕಡೆ ನೆಲಕ್ಕೆ. ಬಲಗಾಲಿನ ಹಿಮ್ಮಡಿ ಎತ್ತಿರಬೇಕು, ಅದರ ತುಂಬ ಕೆಮ್ಮಣ್ಣು. ಕುತ್ತಿಗೆಯ ಹಿಂದೆ ಬೆವರುಸಾಲೆ. ಮರೆತು ಹೋಗುತ್ತಿದೆ ಎಂದವಳು ಒಂದು ಕೂದಲೆಳೆಯನ್ನೂ ಮರೆತಿರಲಿಲ್ಲ. ಇಷ್ಟು ದಿನ ಎಲ್ಲರೂ ಕೂಡಿ ಆ ಕೂಸನ್ನು ತಪ್ಪು ಕಡೆಯಿಂದ ಹುಡುಕಿದ್ದೆವು.

ಚಿತ್ರಗಾರ ಕೂತವನು ಏಳಲಿಲ್ಲ. ಬೆನ್ನು ಬರೆಯಲು ಅವನಪ್ಪ ಕಲಿಸಿದ ಅಳತೆ ಯಾವುದೂ ಇರಲಿಲ್ಲವೇನೋ, ಆಕೆ ಹೇಳಿದ್ದನ್ನೇ ನಂಬಿ ಬರೆದ. ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಹೊಳೆಯ ದಂಡೆಯಲ್ಲಿ ದಿಬ್ಬಣ, ವಾದ್ಯ, ದೇವರು ದಿಂಡರು ಎಲ್ಲವನ್ನೂ ಬಿಟ್ಟು ಕೂಸು ಆ ಕಡೆ ಎಲ್ಲಿಗೋ ಓಡುತ್ತಿತ್ತು.

"ಹೂಂ... ಇಕಿ," ಎಂದಳು ಅತ್ತಿಗೆ. ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅಂಗಡಿಯಿಂದ ಬಂದ ಅಣ್ಣ ಆ ಗೋಡೆಯ ಮುಂದೆ ಚಪ್ಪಲಿಯನ್ನೂ ಬಿಡದೆ ನಿಂತುಬಿಟ್ಟ.

ಅಲ್ಲಿಗೆ ನನ್ನ ಕಷ್ಟ ತೀರಿತು ಎಂದುಕೊಂಡಿರಾ? ತೀರಲಿಲ್ಲ. ಆ ಗೋಡೆಯ ಹತ್ತಿರ ದೀಪ ಇಡಬಾರದು, ಹೊಗೆ ಹತ್ತುತ್ತದೆ. ಗೋಡೆಗೆ ಒರಗಬಾರದು, ತಲೆಯ ಎಣ್ಣೆ ಹತ್ತುತ್ತದೆ. ಬೀಗರು ಬಂದರೆ ನಡುಮನೆಯ ಒಂದೇ ಪಕ್ಕಕ್ಕೆ ಒತ್ತಿಕೊಂಡು ಕೂರಬೇಕು. ಮನೆಯೆಲ್ಲ ಯುಗಾದಿಗೆ ಸುಣ್ಣ ಕಂಡರೂ ಆ ಗೋಡೆಗೆ ಇಲ್ಲ. ಜೋಳದ ಗುಡಾಣ ಅಲ್ಲಿಂದ ತೆಗೆಸಿ ನನ್ನ ಕೋಣೆಯಲ್ಲಿ ಇಡಿಸಿದಳು, ಹಾಸಿಗೆ ಬಿಚ್ಚಲು ಜಾಗವಿಲ್ಲ. ಅಡುಗೆ ಮಾಡುತ್ತ ಮಾಡುತ್ತ ಒಳಗಿನಿಂದಲೇ ಗೋಡೆಯ ಕಡೆ, "ಲೇ, ಹೊತ್ತಾತು, ಉಣ್ಣಾಕ ಬಾ," ಎನ್ನುತ್ತಿದ್ದಳು. ಆಕೆಗೆ ಬುದ್ಧಿ ನೆಟ್ಟಗೇ ಇತ್ತು. ಹೇಳಿ ತಾನೇ ನಗುತ್ತಿದ್ದಳು. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ಹೆದರಿದ್ದಳು. ಆಮೇಲೆ ಅವಳಿಗೂ ರೂಢಿಯಾಯಿತು. ನನಗೆ ಮಗಳು ಹುಟ್ಟಿ, ಅಂಬೆಗಾಲಿಟ್ಟು ಮೊದಲು ಹೋದದ್ದೇ ಆ ಗೋಡೆಯ ಹತ್ತಿರ. ಮಾತು ಬಂದ ಮೇಲೆ ಅವಳ ಆಟವೆಲ್ಲ ಅಲ್ಲೇ. ಗೋಡೆಗೆ ಕೆನ್ನೆ ಒತ್ತಿ, "ಅಕ್ಕಾ, ಈ ಕಡಿ ನೋಡ," ಎನ್ನುತ್ತಿದ್ದಳು. ಬೇರೆ ಯಾರು ಮುಟ್ಟಿದರೂ ಸಿಡಿಮಿಡಿಗುಟ್ಟುವ ಅತ್ತಿಗೆ ಅವಳಿಗೆ ಮಾತ್ರ ಏನೂ ಅನ್ನುತ್ತಿರಲಿಲ್ಲ.

ಮುಂದೆ ಪ್ಲೇಗು ಬಂತು. ಓಣಿಯಲ್ಲಿ ಇಲಿ ಬಿದ್ದವು, ಆಮೇಲೆ ಮನುಷ್ಯರು ಬಿದ್ದರು. ಊರು ಬಿಟ್ಟು ಹೊರಗೆ ಜೋಪಡಿ ಹಾಕಿಕೊಳ್ಳಿ, ಮನೆಯ ಒಳಗೆ ಇಂಚೂ ಬಿಡದೆ ಸುಣ್ಣ ಹೊಡೆಯಬೇಕು ಎಂದು ಡಂಗುರ ಸಾರಿದರು. ಸುಣ್ಣದವರ ಗುಂಪು ಓಣಿ ಓಣಿಗೆ ಬರುತ್ತಿತ್ತು. ಅತ್ತಿಗೆ ಅವರನ್ನು ಮನೆಯೊಳಗೆ ಬಿಡುವುದಿಲ್ಲ, ರಂಪ ಆಗುತ್ತದೆ, ನಾಲ್ಕು ಜನರ ಮುಂದೆ ಮಾನ ಹೋಗುತ್ತದೆ. ಅದಕ್ಕೆ ನಾನು ಆಕೆಗೆ ಹೇಳದೆಯೇ ಆ ಕೆಲಸ ನೋಡುತ್ತಿದ್ದ ಅಧಿಕಾರಿಯ ಬಂಗಲೆಗೆ ಹೋಗಿ ಬಿಸಿಲಲ್ಲಿ ನಿಂತೆ. ಗೇಟಿನವನಿಗೆ ಸಲಾಮು, ಗುಮಾಸ್ತನಿಗೆ ಸಲಾಮು. ಗೋಡೆಯ ಮೇಲೆ ದೇವರಿದ್ದಾನೆ, ಅದೊಂದನ್ನು ಬಿಡಿಸಿಕೊಡಿ ಎಂದು ಹಲ್ಲು ಗಿಂಜಿದೆ. ನನ್ನ ಜನ್ಮದಲ್ಲಿ ಅಷ್ಟು ಯಾರ ಮುಂದೆಯೂ ಬಾಗಿರಲಿಲ್ಲ. ಕೊನೆಗೆ ಆ ದೊರೆ, ಆಗಲಿ, ಆ ಒಂದು ಗೋಡೆ ಬಿಡಿ ಎಂದು ಬಾಯಿಮಾತಿನಲ್ಲಿ ಒಪ್ಪಿದ.

ಓಡುತ್ತ ಮನೆಗೆ ಬಂದೆ. ಬಾಗಿಲು ತೆರೆದಿತ್ತು. ಸಾಮಾನೆಲ್ಲ ಬಂಡಿಗೆ ಏರಿತ್ತು. ನಡುಮನೆಯಲ್ಲಿ ಅತ್ತಿಗೆ ಒರಳುಕಲ್ಲಿನ ಮೇಲೆ ಹತ್ತಿ ನಿಂತು, ಪುಂಡಿನಾರಿನ ಕುಂಚ ಹಿಡಿದು ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಶಿವ ಇರಲಿಲ್ಲ, ಪಾರ್ವತಿ ಇರಲಿಲ್ಲ. ಗುಡ್ಡ ಮುಚ್ಚಿತ್ತು, ಹೊಳೆ ಮುಚ್ಚಿತ್ತು. ಆ ಗೇಣು ಜಾಗದಿಂದಲೇ ಶುರು ಮಾಡಿದ್ದಳೆಂದು ಕಾಣುತ್ತದೆ, ಅಲ್ಲಿ ಆಗಲೇ ಒಣಗಿ ಬೆಳ್ಳಗಾಗಿತ್ತು.

"ಏನ್ ಮಾಡೀ ಇದು!" ಎಂದು ಚೀರಿದೆ. "ನಾನು ಅಲ್ಲಿ ಮಂದಿ ಕಾಲು ಹಿಡಿದು ಬಿಡಿಸಿಕೊಂಡು ಬಂದೀನಿ, ನೀನು ಇಲ್ಲಿ... ನಿನ್ನ ಯಾರು ಕೇಳಿದ್ರು? ಒಂದು ಗಳಿಗಿ ತಡೀಲಿಕ್ಕೆ ಆಗಲಿಲ್ಲೇನು ನಿನಗ?"

ಆಕೆ ಇಳಿಯಲಿಲ್ಲ. ಮುಖದ ಮೇಲೆ, ಹುಬ್ಬಿನ ಮೇಲೆ ಎಲ್ಲಾ ಸುಣ್ಣದ ಹನಿ.

"ಒದರಬ್ಯಾಡ," ಎಂದಳು. "ಸುಣ್ಣ ಬಿಟ್ಟ ಗೋಡ್ಯಾಗ ಜಡ್ಡು ಕುಂತಿರ್ತೈತಂತ. ನಿನ್ನ ಮಗಳು ದಿನಾ ಬೆಳಗಾದ್ರ ಇದಕ್ಕ ಮಾರಿ ಹಚ್ಚಿ ನಿಂದರ್ತಾಳ."

ಅಷ್ಟೇ. ಕುಂಚವನ್ನು ಮಡಕೆಯಲ್ಲಿ ಅದ್ದಿ ಮತ್ತೆ ಬಳಿಯತೊಡಗಿದಳು. ಸುಣ್ಣದವರು ಬಂದು ಬಾಗಿಲಲ್ಲಿ ಇಣುಕಿ, ಇಲ್ಲಿ ನಮಗೇನೂ ಕೆಲಸವಿಲ್ಲ ಎಂದು ಮುಂದಿನ ಮನೆಗೆ ಹೋದರು. ನಾನು ಕಂಬ ಹಿಡಿದು ನಿಂತೆ. ಆಕೆಯ ಮೇಲೆ ನನಗೆ ಅಷ್ಟು ಸಿಟ್ಟು ಹಿಂದೆ ಎಂದೂ ಬಂದಿರಲಿಲ್ಲ, ಅಷ್ಟು ಅಳುವೂ ಬಂದಿರಲಿಲ್ಲ...

ಆ ವರ್ಷ ಓಣಿಯಲ್ಲಿ ಬಹಳ ಮನೆಗಳ ದೀಪ ಆರಿದವು. ನಮ್ಮ ಮನೆಯಲ್ಲಿ ಎಲ್ಲರೂ ಉಳಿದೆವು. ಗೋಡೆಯ ಸುಣ್ಣದಿಂದ ಉಳಿದೆವೋ, ಜೋಪಡಿಯಿಂದ ಉಳಿದೆವೋ, ಬಲ್ಲವರು ಯಾರು? ತಿರುಗಿ ಬಂದ ಮೇಲೆ ಚಿತ್ರಗಾರನನ್ನು ಮತ್ತೆ ಕರೆಸುತ್ತೇನೆ ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಆ ಮಡಕೆ, ಆ ವಾಸನೆ, ಆ 'ಅಲ್ಲ' ಎಲ್ಲಾ ಗೊತ್ತಿದ್ದೂ ಹೇಳಿದೆ. ಆಕೆ ಬೇಡವೆಂದಳು. ಆದರೆ ಪ್ರತಿ ಯುಗಾದಿಗೂ ಆ ಗೋಡೆಗೆ ಸುಣ್ಣ ತಾನೇ ಬಳಿಯುತ್ತಿದ್ದಳು. ಆಳುಗಳನ್ನು ಹತ್ತಿರ ಬಿಡುತ್ತಿರಲಿಲ್ಲ. ಕೈ ನಡುಗುವ ವಯಸ್ಸಾದ ಮೇಲೂ ಬಿಡಲಿಲ್ಲ. ಉಳಿದ ಗೋಡೆಗಳೆಲ್ಲ ನೆಟ್ಟಗಿದ್ದರೆ ಅದೊಂದರ ಮೇಲೆ ಕುಂಚದ ಗೀಟು ಅಡ್ಡಾದಿಡ್ಡಿ, ಕೆಳಗೆ ಇಳಿದ ಸುಣ್ಣದ ಸೋರು ಹಾಗೇ ಗಟ್ಟಿಯಾಗಿ ನಿಂತಿದೆ.

ಅಣ್ಣ ಹೋದ. ಆಮೇಲೆ ಅತ್ತಿಗೆಯೂ ಹೋದಳು. ಆಕೆ ಹೋದ ಮೇಲೆ ಆ ಗೋಡೆಗೆ ಯಾರೂ ಸುಣ್ಣ ಹಚ್ಚಿಲ್ಲ, ನಾನು ಹಚ್ಚಲು ಬಿಟ್ಟಿಲ್ಲ. ಮನೆಯೆಲ್ಲ ಬೆಳ್ಳಗಿದ್ದು ಅದೊಂದು ಗೋಡೆ ಹಳದಿಗಟ್ಟಿದೆ ಎಂದು ನನ್ನ ಹೆಂಡತಿ ದಿನಾ ಗೊಣಗುತ್ತಾಳೆ.

ಮೊನ್ನೆ ಕೌಲ್‌ಬಜಾರಿನಿಂದ ಮನೆಗೆ ಬಂದು ಮಗಳಿಗೂ ಅಳಿಯನಿಗೂ ಇದನ್ನೆಲ್ಲ ಹೇಳಿದೆ. ಮಗಳಿಗೆ ಆ ಚಿತ್ರ ಸ್ವಲ್ಪವೂ ನೆನಪಿಲ್ಲ. ಕಣ್ಣು ಒರೆಸಿಕೊಂಡು ಎದ್ದು, ಅಡುಗೆಮನೆಯಿಂದ ಚಾಕು ತಂದಳು. ಮೆಲ್ಲಗೆ ಕೆರೆದರೆ ಅಕ್ಕ ಕಂಡಾಳು ಎಂದಳು. ಅಳಿಯನೂ ಹೂಂಗುಟ್ಟಿದ, ನೀರು ಹಚ್ಚಿ ಪದರ ಪದರವಾಗಿ ಬಿಡಿಸುವ ಗಾರೆಯವನು ತನಗೆ ಗೊತ್ತು ಎಂದ. ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು.

"ಇಡ ಅದನ್ನ ಕೆಳಗ," ಎಂದು ಗದರಿದೆ. "ಕೂಸು ಒಳಗ ಐತಿ, ಖರೆ. ಮ್ಯಾಲಿಂದು ಯಾರ ಕೈ ಅಂತ ಗೊತ್ತೈತೇನು ನಿಮಗ?"

ಮಗಳು ಚಾಕು ಕೆಳಗಿಟ್ಟಳು. ಆಕೆಯದು ಎಂದು ಈ ಮನೆಯಲ್ಲಿ ಬೇರೆ ಏನೂ ಉಳಿದಿಲ್ಲ, ಆ ಓರೆಕೋರೆ ಗೀಟುಗಳೇ. ಕೂಸನ್ನು ನೋಡಬೇಕಾದರೆ ಅತ್ತಿಗೆಯನ್ನು ಕೆರೆದು ತೆಗೆಯಬೇಕು. ಅದು ನನ್ನ ಕೈಲಿ ಆಗುವುದಿಲ್ಲ.